ಸಹಾಯ ಬೇಕು: ಫೋನಿನಲ್ಲಿ ಡಾಕ್ಟರ್ ಹೇಳಿದರೆ ರೋಗಿಯನ್ನು ಕಟ್ಟಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ನರ್ಸ್, ಸೈಕಿಯಾಟ್ರಿ ವಾರ್ಡಿಗೆ ಬಂದು ಎರಡು ತಿಂಗಳಾಯಿತು. ಮೊನ್ನೆ ನೈಟ್ ಡ್ಯೂಟಿಯಲ್ಲಿ ಒಬ್ಬ ರೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದರು. ಮಾತಾಡಿಸಿದೆ, ಗೋಡೆಗೂ ಹಣೆಗೂ ನಡುವೆ ದಿಂಬು ಹಿಡಿದೆ. ದಿಂಬಿಗೆಲ್ಲ ರಕ್ತ ಆಯಿತು, ಅವರು ನಿಲ್ಲಿಸಲಿಲ್ಲ. ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿದೆ. "ಕಟ್ಟಿ, ಬೆಳಿಗ್ಗೆ ಸೈನ್ ಮಾಡ್ತೀನಿ" ಅಂದರು. ಇಪ್ಪತ್ತು ನಿಮಿಷ ಕಟ್ಟಿದ್ದೆವು, ಶಾಂತವಾದ ಕೂಡಲೇ ಬಿಚ್ಚಿದೆವು. ಬೆಳಿಗ್ಗೆ ಆ ಸೈನ್ ಬರಲೇ ಇಲ್ಲ.

ಕಾಲೇಜಿನಲ್ಲಿ ಇದನ್ನೆಲ್ಲ ಐದು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ. ಈಗ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ತೆಗೆದು 97ನೇ ಸೆಕ್ಷನ್ ಓದಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಕಟ್ಟಬಹುದು. ಚಿಕಿತ್ಸೆ ಕೊಡುವ ಸೈಕಿಯಾಟ್ರಿಸ್ಟ್ ಅನುಮತಿ ಬೇಕು. ಕಾರಣ, ವಿಧಾನ, ಎಷ್ಟು ಹೊತ್ತು ಅನ್ನುವುದು ನೋಟ್ಸ್‌ನಲ್ಲಿ ಇರಬೇಕು. 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ (ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರಿಗೆ) ತಿಳಿಸಬೇಕು. ಸಿಬ್ಬಂದಿ ಕಡಿಮೆ ಅಂತ ಕಟ್ಟುವ ಹಾಗೇ ಇಲ್ಲ. (ಆ ರಾತ್ರಿ ವಾರ್ಡಿನಲ್ಲಿ ಇದ್ದದ್ದು ನಾವಿಬ್ಬರೇ!)

ನಾನು ಸಮಯ ಹಾಕಿ ನರ್ಸಸ್ ನೋಟ್ಸ್ ಬರೆದಿದ್ದೇನೆ, ಆ ರೋಗಿಯ ಅಣ್ಣನಿಗೂ ಹೇಳಿದ್ದೇನೆ. ಸೀನಿಯರ್ ಕೇಳಿದರೆ "ಸುಮ್ನೆ ತಲೆ ಕೆಡಿಸ್ಕೋಬೇಡ, ಇಲ್ಲಿ ಹೀಗೇ ನಡೆಯೋದು" ಅಂತಾರೆ. ಡಾಕ್ಟರನ್ನು ಎರಡು ಸಲ ಕೇಳಿದೆ, "ಆಮೇಲೆ" ಅಂದರು.

ನನ್ನ ಗೊಂದಲ ಇಷ್ಟೇ. ಫೋನಿನಲ್ಲಿ ಕೊಟ್ಟ ಮಾತು ಈ ಸೆಕ್ಷನ್ ಹೇಳುವ ಅನುಮತಿ ಆಗುತ್ತದಾ? ಸೈನ್ ಬರದಿದ್ದರೆ ಕಟ್ಟಿದ ಹೊಣೆ ನನ್ನ ತಲೆಗೇ ಬರುತ್ತದಾ? ಸೈಕಿಯಾಟ್ರಿ ವಾರ್ಡಿನಲ್ಲಿ ಕೆಲಸ ಮಾಡಿದವರು ಹೇಳಿ, ಇಂಥ ಫೋನ್ ಆರ್ಡರನ್ನು ನೀವು ಯಾವ ರೀತಿ ಬರೆದಿಡುತ್ತೀರಿ, ಸೈನ್ ಬಾರದಿದ್ದರೆ ಯಾರಿಗೆ ಲಿಖಿತವಾಗಿ ತಿಳಿಸುತ್ತೀರಿ?