‘ವಿಂಡೋ ಸ್ವಿಚರ್’ ಡಿಕ್ಲಟರ್ (ಬೇಡದ್ದನ್ನು ಸರಿಸಿ ಚೊಕ್ಕ) ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟು)

ತುಮಕೂರಿನಿಂದ:
ನಮಸ್ಕಾರ. ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಅಂಟಿಸುವ ಸೂಚನೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಆಲ್ಟ್ ಒತ್ತಿ ಹಿಡಿದು ಟ್ಯಾಬ್ ಒತ್ತಿದರೆ ತೆರೆದ ವಿಂಡೋಗಳು ಸಾಲಾಗಿ ಬರುತ್ತವಲ್ಲ, ಅಲ್ಲಿಗೆ ಬ್ರೌಸರಿನ ಟ್ಯಾಬುಗಳೂ ನುಗ್ಗಿ ಸಂತೆಯಾಗುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್‌ಗೆ ಹೋಗಿ ‘ಡೋಂಟ್ ಶೋ ಟ್ಯಾಬ್ಸ್’ ಆರಿಸಿದರೆ ಆಯಿತು. ಪೂರ್ತಿ ಬೇಡವೆಂದರೆ ಇತ್ತೀಚಿನ 3, 5 ಅಥವಾ 20 ಅಂತ ಮಿತಿ ಹಾಕಬಹುದು. ‘ಕಿಟಕಿ ಬದಲಾಯಕದ ಸ್ವಚ್ಛತೆ’ ಅಂತ ತಲೆಬರಹ ಬರೆದೆ. ಪುರಸಭೆಯ ಸುತ್ತೋಲೆ ಓದಿದ ಹಾಗಿದೆ. ಒಂದೇ ಸಾಲಿಗೆ ಜಾಗ.

ಚಿಂತಾಮಣಿಯಿಂದ:
‘ಬದಲಾಯಕ’ ಬೇಡವೇ ಬೇಡ. ‘ಬದಲು’ ಅರಬ್ಬಿ, ಅದಕ್ಕೊಂದು ಸಂಸ್ಕೃತದ ಬಾಲ. ಕಿಟಕಿಯೂ ನಮ್ಮದಲ್ಲ, ಹಿಂದಿಯ ಖಿಡಕಿ, ಪಕ್ಕದ ತೆಲುಗಿನ ಕಿಟಿಕೀ ಎಲ್ಲ ಒಂದೇ ಬಳ್ಳಿಯವು. ಅಚ್ಚಗನ್ನಡ ಬೇಕಿದ್ದರೆ ‘ಕಿಂಡಿ’. ‘ಕಿಂಡಿಸಾಲು’ ಅಂತ ಬರೆಯಿರಿ.

ಕೋಲಾರದಿಂದ:
ಕಿಂಡಿ ಇಣುಕುವುದಕ್ಕೆ, ಸ್ವಾಮಿ. ಉಡುಪಿಗೆ ಹೋದವರಿಗೆಲ್ಲ ಗೊತ್ತು. ತೆರೆಯ ತುಂಬಾ ಹರಡಿಕೊಂಡ ಸ್ಪ್ರೆಡ್‌ಶೀಟನ್ನು ಕಿಂಡಿ ಅಂದರೆ ನಗುತ್ತಾರೆ. ಇಂಗ್ಲಿಷಿನವರ ‘ವಿಂಡೋ’ ತಾನೇ ಎಲ್ಲಿ ಅವರದು? ನಾರ್ಸ್ ಭಾಷೆಯ ‘ಗಾಳಿಗಣ್ಣು’ ಅದು. ಹಳೆಯ ಇಂಗ್ಲಿಷಿನಲ್ಲಿ ‘ಕಣ್ತೂತು’ ಎಂಬರ್ಥದ ಸ್ವಂತ ಪದವಿತ್ತು, ಬಿಟ್ಟರು. ನಮ್ಮ ‘ಗವಾಕ್ಷ’ದಲ್ಲಿ ಗೋವಿನ ಕಣ್ಣಿದೆ. ‘ವಿಂಡೋ’ ಎಂದೇ ಇರಲಿ.

ಶಿರಾದಿಂದ:
ನಾಮಪದಕ್ಕೆ ಆಮೇಲೆ ಹೊಡೆದಾಡಿ. ಅಪಾಯ ಇರುವುದು ಕ್ರಿಯಾಪದದಲ್ಲಿ. ‘ಸ್ವಚ್ಛಗೊಳಿಸಿ’, ‘ತೆಗೆದುಹಾಕಿ’ ಅಂತ ಗೋಡೆಯ ಮೇಲಿದ್ದರೆ ಹುಡುಗರು ವಿಂಡೋವನ್ನೇ ಮುಚ್ಚುತ್ತಾರೆ, ಸೇವ್ ಮಾಡದ ಕೆಲಸ ಹೋಗುತ್ತದೆ. ಇಲ್ಲಿ ಮುಚ್ಚುವುದು ಏನೂ ಇಲ್ಲ, ಸಾಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ವಿಂಡೋಸ್ ಬದಲು ಲಿನಕ್ಸ್ ಇದ್ದರೆ ಕೆಲಸವೇ ಬೇರೆ. ಅದರಲ್ಲಿ ಗ್ನೋಮ್, ಕೆಡಿಇ ಅಂತ ಬೇರೆ ಬೇರೆ ಡೆಸ್ಕ್‌ಟಾಪ್ ವ್ಯವಸ್ಥೆಗಳಿವೆ. ಗ್ನೋಮ್‌ನಲ್ಲಿ ಆಲ್ಟ್–ಟ್ಯಾಬ್ ತೋರಿಸುವುದು ಅಪ್ಲಿಕೇಶನ್ನುಗಳನ್ನು; ಒಂದರ ವಿಂಡೋಗಳೆಲ್ಲ ಒಂದೇ ಚಿಹ್ನೆಯಡಿ ಕೂರುತ್ತವೆ. ಅವುಗಳ ನಡುವೆ ಓಡಾಡಲು ಆಲ್ಟ್ ಜತೆ ಟ್ಯಾಬಿನ ಮೇಲಿನ ಕೀಲಿ. ಕೆಡಿಇಯಲ್ಲಿ ‘ಟಾಸ್ಕ್ ಸ್ವಿಚರ್’ ಸೆಟ್ಟಿಂಗಿನಲ್ಲಿ ಈಗಿನ ಡೆಸ್ಕ್‌ಟಾಪ್, ಈಗಿನ ಪರದೆ ಅಂತ ಸೋಸಬಹುದು. ಒಂದೇ ವಿಂಡೋವನ್ನು ಹೊರಗಿಡಲು ವಿಂಡೋ ರೂಲ್ಸ್‌ನಲ್ಲಿ ‘ಸ್ಕಿಪ್ ಸ್ವಿಚರ್’ ಸೇರಿಸಿ ‘ಫೋರ್ಸ್’, ‘ಯೆಸ್’ ಕೊಡಬೇಕು. ಬರೀ ವಿಂಡೋ ಕ್ಲಾಸ್ (ವಿಂಡೋ ಯಾವ ಅಪ್ಲಿಕೇಶನ್ನಿನದು ಎಂಬ ಗುರುತು) ಹಿಡಿದು ರೂಲ್ ಬರೆದರೆ ಆ ಅಪ್ಲಿಕೇಶನ್ನಿನ ವಿಂಡೋಗಳೆಲ್ಲ ಮಾಯ, ಶೀರ್ಷಿಕೆಯನ್ನೂ ಹೊಂದಿಸಿ. ಆಮೇಲೆ ‘ಕಳೆದುಹೋಯ್ತು’ ಅನ್ನುವವರಿಗೆ ಟಾಸ್ಕ್‌ಬಾರ್ ತೋರಿಸಿ, ಅಲ್ಲಿಂದ ಅದು ಹೋಗಿರುವುದಿಲ್ಲ. ಅದಕ್ಕೆ ಬೇರೆಯೇ ರೂಲ್. ಹಾಗಾಗಿ ಮರೆಮಾಡು, ಗುಂಪಿಸು, ಸೋಸು ಎಂದು ಮೂರು ಕ್ರಿಯಾಪದ ಬೇಕು. ಒಂದೇ ‘ಡಿಕ್ಲಟರ್’ಗೆ ಗಂಟುಬೀಳಬೇಡಿ.

ಚಿಂತಾಮಣಿಯಿಂದ:
‘ಗುಂಪಿಸು’ ಯಾವ ಊರಿನ ಕನ್ನಡ? ಗುಂಪುಗೂಡಿಸು. ‘ಸೋಸು’ ನಡೆದೀತು. ಆದರೆ ‘ಕೇರು’ ಇದಕ್ಕಿಂತ ಸೊಗಸು: ಮೊರದಲ್ಲಿ ರಾಗಿ ಕೇರಿದರೆ ಕಾಳು ಉಳಿಯುತ್ತದೆ, ಹೊಟ್ಟು ಹಾರುತ್ತದೆ.

ಕೋಲಾರದಿಂದ:
ಹಾರಿದ ಹೊಟ್ಟು ತಿಪ್ಪೆಗೆ. ಮೇಲಿನವರು ಬರೆದದ್ದನ್ನು ಓದಿಲ್ಲ ಅನ್ನಿಸುತ್ತೆ.

ತುಮಕೂರಿನಿಂದ:
‘ಮರೆಮಾಡು’ ತಗೊಂಡೆ. ಈಗ ಇನ್ನೊಂದು ತೊಡಕು: ‘ಟ್ಯಾಬ್ ಒತ್ತಿದಾಗ ಟ್ಯಾಬ್ ಬರಬಾರದು’. ಯಾವ ಟ್ಯಾಬು?

ಕೋಲಾರದಿಂದ:
ಕೀಲಿಯದು ಟ್ಯಾಬ್ಯುಲೇಟರ್, ಟೈಪ್‌ರೈಟರಿನಲ್ಲಿ ಅಂಕಣಕ್ಕೆ ಅಂಕಣ ಹಾರಿಸುತ್ತಿದ್ದದ್ದು. ಬ್ರೌಸರಿನದು ಫೈಲಿನಿಂದ ಹೊರಚಾಚುವ ಚೀಟಿ. ಹೆಸರು ಒಂದೇ, ಮೂಲ ಬೇರೆ. ‘ಟ್ಯಾಬ್ ಕೀಲಿ’, ‘ಬ್ರೌಸರ್ ಟ್ಯಾಬ್’ ಅಂತ ಬರೆಯಿರಿ. ಬರೀ ‘ಟ್ಯಾಬ್’ ಎಲ್ಲೂ ಬೇಡ.

ಚಿಂತಾಮಣಿಯಿಂದ:
ಹೊರಚಾಚಿದ್ದಕ್ಕೆ ‘ಕಿವಿ’ ಅನ್ನಬಹುದಿತ್ತು, ಹಾಳೆಯ ಕಿವಿ. ನೀವೆಲ್ಲ ಹೀಗೆ ಬಿಟ್ಟುಕೊಡುತ್ತಾ ಹೋದರೆ ‘ಹೈಡ್ ಮಾಡಿ’, ‘ಸ್ವಿಚ್ ಮಾಡಿ’ ಅಂತಾಗಿ ಕನ್ನಡಕ್ಕೆ ‘ಮಾಡು’ ಒಂದೇ ಉಳಿಯುತ್ತದೆ.

ಶಿರಾದಿಂದ:
ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವಾಗ ಈ ಮಡಿ ಎಲ್ಲಿರುತ್ತೆ? ಮೂರೂ ಪದ ಹೊರಗಿನವು. ‘ಮಾಡು’ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಸರಿ. ನಾಮಪದ ಎಷ್ಟು ಬೇಕಾದರೂ ಬರಲಿ, ಕ್ರಿಯಾಪದ ನಮ್ಮದಿರಲಿ.

ತುಮಕೂರಿನಿಂದ:
ಇದೇ ಅಂತಿಮ. ತಲೆಬರಹ: ‘ಆಲ್ಟ್–ಟ್ಯಾಬ್ ಸಾಲಿನಲ್ಲಿ ಬೇಡದ್ದನ್ನು ಮರೆಮಾಡಿ’. ಕೆಳಗೆ ಸಣ್ಣಕ್ಷರದಲ್ಲಿ: ‘ಮರೆಯಾದದ್ದು ಮುಚ್ಚಿಲ್ಲ, ಬ್ರೌಸರಿನ ಒಳಗೇ ಇದೆ’.

ಚಿಂತಾಮಣಿಯಿಂದ:
‘ಸಾಲು’ ನನ್ನದು. ‘ಕಿಂಡಿ’ ಬಿಟ್ಟು ಅದನ್ನಷ್ಟೇ ತಗೊಂಡಿದ್ದೀರಿ.