ಅಪ್‌ಡೇಟ್: ತೀರ್ಪುಗಾರರ ಟಿಪ್ಪಣಿಯ ನಂತರ ನನ್ನ ಮೊದಲ ಕಾದಂಬರಿ

ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ ನನ್ನ ಮೊದಲ ಕಾದಂಬರಿಯ ಬಗ್ಗೆ ಸ್ಪರ್ಧೆಯೊಂದರ ತೀರ್ಪುಗಾರರು ಬರೆದು ಕಳುಹಿಸಿದ ಅಭಿಪ್ರಾಯಗಳನ್ನು ಮುಂದಿಟ್ಟು, ಪುಸ್ತಕವನ್ನು ತಿದ್ದಬೇಕೇ, ಹಾಗೆಯೇ ಬಿಡಬೇಕೇ ಎಂದು ತಮ್ಮೆಲ್ಲರನ್ನು ಕೇಳಿದ್ದೆ. ವಿವರವಾಗಿ ಉತ್ತರಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಬಹುಮಾನ ಬರಲಿಲ್ಲ.

ಮಲೆನಾಡಿನ ಆಡುಮಾತಿನ ಸಂಭಾಷಣೆಯನ್ನು ಒಬ್ಬ ತೀರ್ಪುಗಾರರು ಮೆಚ್ಚಿದ್ದರೆ, ಇನ್ನೊಬ್ಬರು ಅದು ಹೊರಗಿನ ಓದುಗರಿಗೆ ತೊಡಕು ಎಂದಿದ್ದರು. ಅದನ್ನು ನಾನು ಮುಟ್ಟಿಲ್ಲ; ಅಡಿಕೆ ಕೊನೆ ಕೊಯ್ಯುತ್ತ ಮರದ ತುದಿಯಿಂದ ಕೂಗಿ ಮಾತಾಡುವ ಕೊನೆಗೌಡನಿಗೆ ಪುಸ್ತಕದ ಕನ್ನಡ ಕೊಟ್ಟರೆ ಆ ಪಾತ್ರವೇ ಉಳಿಯುವುದಿಲ್ಲ. ಆದರೆ ತಾಯಿಯ ಸಾವಿನ ಸುದ್ದಿ, ಓದುಗರಿಗೆ ಆಕೆಯ ಪರಿಚಯವಾಗುವ ಮೊದಲೇ ಪತ್ರವೊಂದರಲ್ಲಿ ಬಂದುಬಿಡುತ್ತದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಗುರುತಿಸಿದ್ದರು. ತಾವು ಹಲವರು ಹೇಳಿದಂತೆ, ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದಾರೆಂದರೆ ಅದನ್ನು ಗಂಭೀರವಾಗಿ ನೋಡಲೇಬೇಕು. ಈಗ ಆಕೆ ಹಂಡೆಗೆ ಬೆಂಕಿ ಹಾಕುತ್ತ ಮಗನನ್ನು ಗದರುವ ಅಧ್ಯಾಯವೊಂದು ಪತ್ರಕ್ಕೆ ಮುಂಚೆ ಬರುತ್ತದೆ.

ಪಠ್ಯ ಇಷ್ಟು ಬದಲಾದ ಮೇಲೆ ಇದು ಬರಿಯ ಮರುಮುದ್ರಣವಲ್ಲ, ಪರಿಷ್ಕೃತ ಆವೃತ್ತಿ. ಆದ್ದರಿಂದ ಹೊಸ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಬೇಕು. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಸ್ವಯಂ ಪ್ರಕಾಶನ ಮಾಡುವ ಲೇಖಕರಿಗೂ ಉಚಿತವಾಗಿ ಕೊಡುತ್ತದೆ. ಅರ್ಜಿ ಸಲ್ಲಿಸಿದ್ದೇನೆ, ಕರಡು ತಿದ್ದುವ ಕೆಲಸ ನಡೆಯುತ್ತಿದೆ.