ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಬ್ಯಾಂಕ್‌ನವರು ಆದಾಯವೇ ಇಲ್ಲ ಅಂತಾರೆ

ಪ್ರಶ್ನೆ (ಕೀಬೋರ್ಡ್ ವಾದಕ, ತುಮಕೂರು):
ನಮಸ್ಕಾರ ಮೇಡಂ. ನನಗೆ 38 ವರ್ಷ. ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವುದೇ ಕಸುಬು. ಪ್ರೋಗ್ರಾಂಗೆ 2,500 ರೂಪಾಯಿ. ವರ್ಷಕ್ಕೆ 70ರ ಸುಮಾರು ಸಿಗುತ್ತವೆ, ಅದರಲ್ಲಿ 40 ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ. ಮೊದಲು ವೇದಿಕೆ ಮೇಲೆ ಹತ್ತು ಹನ್ನೆರಡು ಜನ ಇರುತ್ತಿದ್ದೆವು. ಈಗ ಎಷ್ಟೋ ಕಡೆ ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪು, ಟ್ರ್ಯಾಕ್ ಹಾಕಿ ಮುಗಿಸಿಬಿಡುತ್ತಾರೆ. ಜೂನ್‌ನಲ್ಲಿ ಮಕ್ಕಳ ಫೀಸು ಕಟ್ಟಬೇಕು, ಬೆನ್ನಿಗೇ ಆಷಾಢ, ಮದುವೆ ಇಲ್ಲ. ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡುತ್ತೇನೆ. ಹೊಸ ಕೀಬೋರ್ಡ್‌ಗೆ ಸಾಲ ಕೇಳಿದರೆ ಬ್ಯಾಂಕ್‌ನವರು ಆದಾಯಕ್ಕೆ ದಾಖಲೆ ಏನಿದೆ ಅಂತಾರೆ. ಏನು ಮಾಡಲಿ?

ಉತ್ತರ (ತೆರಿಗೆ ಸಲಹೆಗಾರರು):
ಮೊದಲು ನಿಮ್ಮ 2,500ರ ಲೆಕ್ಕ ನೋಡೋಣ. 70 ಪ್ರೋಗ್ರಾಂಗೆ 1,75,000. ಬಸ್ಸು, ಊಟ, ಕೇಬಲ್ಲು ಅಂತ ಪ್ರತಿ ಸಲ 300 ಹೋದರೂ 21,000 ಆಯ್ತು. ಕೀಬೋರ್ಡ್ 1,20,000 ಬೆಲೆಯದು, ಆರು ವರ್ಷ ಬಾಳುತ್ತದೆ ಅಂದುಕೊಳ್ಳಿ. ವರ್ಷಕ್ಕೆ 20,000 ಅದಕ್ಕೇ ತೆಗೆದಿಡಬೇಕು. ಉಳಿಯುವುದು 1,34,000, ಅಂದರೆ ತಿಂಗಳಿಗೆ 11 ಸಾವಿರ ಚಿಲ್ಲರೆ. ಮಧ್ಯಾಹ್ನ ಮೂರಕ್ಕೆ ಟೆಂಪೋ ಹತ್ತಿ ರಾತ್ರಿ ಎರಡಕ್ಕೆ ಮನೆ ಸೇರುವ ಕೆಲಸಕ್ಕೆ ಕೈಗೆ ಸಿಗುವುದು 1,900 ಅಷ್ಟೇ. ಗಾಯಕರು ಬರಿಗೈಲಿ ಬರುತ್ತಾರೆ, ನೀವು ಲಕ್ಷದ ಸಾಮಾನು ಹೊತ್ತು ಬರುತ್ತೀರಿ. ವಾದ್ಯದ ಬಾಡಿಗೆ ಅಂತ ಬೇರೆಯಾಗಿಯೇ ಕೇಳಿ. ಇಬ್ಬರು ಆರ್ಕೆಸ್ಟ್ರಾ ಮಾಲೀಕರು ಒಪ್ಪಲಿಕ್ಕಿಲ್ಲ, ಮೂರನೆಯವರು ಒಪ್ಪಬಹುದು.

ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ನೂರಕ್ಕೆ 36. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕ್‌ನಲ್ಲಿ ಅಡ ಇಟ್ಟರೂ ಇದಕ್ಕಿಂತ ಎಷ್ಟೋ ಕಡಿಮೆ. ಸೀಸನ್ನಿನ 40 ಪ್ರೋಗ್ರಾಂಗಳಲ್ಲಿ ತಲಾ 500 ಎತ್ತಿಟ್ಟರೆ ಜೂನ್‌ಗೆ 20,000 ಇರುತ್ತದೆ. ಇಷ್ಟರಲ್ಲಿ ಎಲ್ಲಿಂದ ಉಳಿಸಲಿ ಅಂತೀರಿ, ಗೊತ್ತು. ಬಡ್ಡಿ ಹೋಗುವುದೂ ಇದೇ ದುಡ್ಡಿನಿಂದ ಅಲ್ವಾ?

ಬ್ಯಾಂಕ್ ವಿಷಯಕ್ಕೆ ಬಂದರೆ, ಕ್ಯಾಶ್ ತಗೊಂಡು ಜೇಬಿಗೆ ಹಾಕಿದ ಹಣ ಅವರಿಗೆ ಕಾಣುವುದಿಲ್ಲ. ಪೇಮೆಂಟ್ ಯುಪಿಐನಲ್ಲಿ ತಗೊಳ್ಳಿ. ತೆರಿಗೆ ಬರದಿದ್ದರೂ ಪ್ರತಿ ವರ್ಷ ರಿಟರ್ನ್ ಹಾಕಿ. ಎರಡು ಮೂರು ವರ್ಷದ ರಿಟರ್ನ್ ತೋರಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು. ಅಟಲ್ ಪಿಂಚಣಿಗೆ ಸೇರಲು 40 ವರ್ಷವೇ ಗಡಿ, ನಿಮಗೆ ಸಮಯ ಕಡಿಮೆ. ಕಂತನ್ನು ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಸೀಸನ್ ನೋಡಿ ದುಡಿಯುವವರಿಗೆ ಅದೇ ಸರಿ.

ಪ್ರಶ್ನೆ (ರಿದಮ್ ಪ್ಯಾಡ್ ವಾದಕ, ಗುಬ್ಬಿ):
ವಸಂತನರಸಾಪುರದ ಕಡೆ ಕಂಪನಿ ಫಂಕ್ಷನ್ ಆದಾಗಲೆಲ್ಲ ಟಿಡಿಎಸ್ (ಪೇಮೆಂಟ್ ಕೊಡುವಾಗಲೇ ಹಿಡಿಯುವ ತೆರಿಗೆ) ಕಟ್ ಆಯ್ತು ಅಂತ ಮಾಲೀಕರು ನಮ್ಮ ದುಡ್ಡಿನಲ್ಲೂ ಹಿಡಿಯುತ್ತಾರೆ. ಆಮೇಲೆ ಪೊಲೀಸರು ಹತ್ತಕ್ಕೆ ಸೌಂಡ್ ನಿಲ್ಲಿಸಿದರೆ ಕಮಿಟಿಯವರು ಅರ್ಧ ಪೇಮೆಂಟ್ ಅಂತಾರೆ. ಸರಿನಾ ಮೇಡಂ?

ಉತ್ತರ:
ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಹಾಕಿ ಫಾರಂ 26ಎಎಸ್, ಅಂದರೆ ನಿಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ, ತೆಗೆದು ನೋಡಿ. ಆ ಕಡಿತ ಅಲ್ಲಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಇಲ್ಲದಿದ್ದರೆ ಅದು ಮಾಲೀಕರ ಪ್ಯಾನ್‌ಗೆ ಜಮಾ ಆಗಿದೆ, ಅದರ ಲಾಭವೂ ಅವರಿಗೇ. ಹಾಗಿದ್ದ ಮೇಲೆ ನಿಮ್ಮ ಕೈಯಿಂದ ಯಾಕೆ ಹಿಡಿಯಬೇಕು? ಆ ಪ್ರಿಂಟ್ ಮುಂದಿಟ್ಟು ಕೇಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬೇಡ ಅನ್ನುವುದು 2000ನೇ ಇಸವಿಯ ನಿಯಮ. ಹಬ್ಬ, ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರ ತನಕ ಬಿಡಬಹುದು, ಅಷ್ಟೇ. ಇದು ಕಮಿಟಿಯವರಿಗೂ ಗೊತ್ತು. ಒಂಬತ್ತಕ್ಕೆ ಭಾಷಣ ಮುಗಿಸಿ ಮೈಕ್ ಕೊಡುವುದು ಅವರೇ. ಅಡ್ವಾನ್ಸ್ ತಗೊಳ್ಳುವಾಗಲೇ "ಹತ್ತಕ್ಕೆ ನಿಂತರೂ ಪೂರ್ತಿ ಹಣ" ಅಂತ ವಾಟ್ಸಾಪ್‌ನಲ್ಲಿ ಹಾಕಿ, ಅವರಿಂದ ಒಪ್ಪಿಗೆ ಬರೆಸಿಕೊಳ್ಳಿ.

ಪ್ರಶ್ನೆ (ಗೃಹಿಣಿ, ತುಮಕೂರು):
ಮಗಳು ವೆಸ್ಟರ್ನ್ ವಯೊಲಿನ್ ಕಲಿಯುತ್ತಿದ್ದಾಳೆ. ಹೊರದೇಶದ ಸಿಂಫನಿಗಳಲ್ಲಿ ತಿಂಗಳ ಸಂಬಳ ಇದೆಯಂತೆ, ನಿಜವಾ?

ಉತ್ತರ:
ದೊಡ್ಡ ತಂಡಗಳಲ್ಲಿ ಇದೆ ಅಮ್ಮ. ಆದರೆ ಟಿಕೆಟ್ ದುಡ್ಡಿನಲ್ಲಿ ಅವರ ಖರ್ಚು ಹುಟ್ಟುವುದಿಲ್ಲ, ದಾನಿಗಳು ಬೇಕೇ ಬೇಕು. ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾ 2011ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಮಿನ್ನೆಸೋಟ ಆರ್ಕೆಸ್ಟ್ರಾದಲ್ಲಿ ವಾದಕರು ಸಂಬಳ ಕಡಿತ ಒಪ್ಪಲಿಲ್ಲ ಅಂತ ಆಡಳಿತದವರು 2012ರ ಅಕ್ಟೋಬರ್‌ನಿಂದ ವರ್ಷಕ್ಕೂ ಮೇಲೆ ಬೀಗ ಹಾಕಿದ್ದರು. ನಮ್ಮಲ್ಲಿ ಮುಂಬೈನ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, 2006ರಲ್ಲಿ ಶುರುವಾದದ್ದು. ಮಗಳು ಕಲಿಯಲಿ, ಪಾಠ ಹೇಳುವುದನ್ನೂ ರೂಢಿ ಮಾಡಿಕೊಳ್ಳಲಿ. ತಿಂಗಳ ಫೀಸು ಕೊಡುವ ಶಿಷ್ಯರಿಗೆ ಆಷಾಢ ಇಲ್ಲ.

ಕೀಬೋರ್ಡ್ ವಾದಕ:
ಥ್ಯಾಂಕ್ಸ್ ಮೇಡಂ. ನಮ್ಮ ಮಾಲೀಕರು ಯುಪಿಐ ಒಪ್ಪುವುದಿಲ್ಲ, ಕ್ಯಾಶೇ ಕೊಡೋದು. ಜೊತೆಗೆ ಒಂದು ಕಮಿಟಿಯವರು ಜಿಎಸ್‌ಟಿ ನಂಬರ್ ಕೇಳುತ್ತಿದ್ದಾರೆ.

ಉತ್ತರ:
ಕ್ಯಾಶ್ ಆದರೆ ಅದೇ ವಾರ ಖಾತೆಗೆ ಕಟ್ಟಿ. ತಾರೀಖು, ಊರು, ಮೊತ್ತ ಒಂದು ಡೈರಿಯಲ್ಲಿ ಬರೆದಿಡಿ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು, ಸದ್ಯ ನಿಮಗೆ ಬೇಡ. ಬಿಳಿ ಹಾಳೆಯಲ್ಲಿ ಬಿಲ್ ಬರೆದು, ಪ್ಯಾನ್ ನಂಬರ್ ಹಾಕಿ, ಸಹಿ ಮಾಡಿ ಕೊಡಿ.